ತೆರಿಗೆ ಕಟ್ಟಲು ಹೋದರೂ ಕಟ್ಟಿಸಿಕೊಳ್ಳುತ್ತಿಲ್ಲ: ಹೈಕೋರ್ಟಿಗೆ ಹೋಗುವ ಮುಂಚೆ ಕೈಯಲ್ಲಿ ಏನೇನಿರಬೇಕು?

ಕಾಫಿ_ಕಣ, ಚಿಕ್ಕಮಗಳೂರು

ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ. ಎರಡು ಪ್ರಕರಣ ಇವೆ, ಎರಡರಲ್ಲೂ ಕಟ್ಟುವವರು ದುಡ್ಡು ಹಿಡಿದು ನಿಂತಿದ್ದಾರೆ, ಕಚೇರಿಯವರು ತಗೊಳ್ಳುತ್ತಿಲ್ಲ.

ಮೊದಲನೆಯದು ನಗರಸಭೆ ವ್ಯಾಪ್ತಿಯ ವಾಸದ ಮನೆ. ಎರಡು ಕೋಣೆಯನ್ನು ಹೋಂಸ್ಟೇಗೆ ಕೊಡುತ್ತಾರೆ ಅನ್ನುವ ಕಾರಣಕ್ಕೆ ಇಡೀ ಕಟ್ಟಡವನ್ನು ವಾಣಿಜ್ಯ ಅಂತ ಮಾಡಿ ತೆರಿಗೆ ಏರಿಸಿದ್ದಾರೆ. ಮಾಲೀಕರು ವಾಸದ ದರದಲ್ಲಿ ಕಟ್ಟಲು ಸಿದ್ಧ, ಉಳಿದದ್ದಕ್ಕೆ ತಕರಾರು. ಕೌಂಟರಿನಲ್ಲಿ "ಕಟ್ಟಿದರೆ ಪೂರ್ತಿ ಕಟ್ಟಿ, ಇಲ್ಲದಿದ್ದರೆ ಬೇಡ" ಅನ್ನುತ್ತಾರೆ.

ಎರಡನೆಯದು ಬೇಲೂರು ತಾಲ್ಲೂಕಿನ ಗ್ರಾಮ ಪಂಚಾಯಿತಿ ಮನೆ. ಖಾತೆ ತೀರಿಹೋದ ತಂದೆಯ ಹೆಸರಲ್ಲಿದೆ, ಅಣ್ಣ ತಮ್ಮಂದಿರ ನಡುವೆ ವಿಭಾಗದ ದಾವೆ ನಡೆಯುತ್ತಿದೆ. "ಕೋರ್ಟಿನಲ್ಲಿ ತೀರ್ಮಾನ ಆಗಲಿ, ಆಮೇಲೆ ಬನ್ನಿ" ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ವಾಪಸ್ ಕಳಿಸುತ್ತಿದ್ದಾರೆ. ಹೈಕೋರ್ಟಿನಿಂದ ಆದೇಶ ತಂದರೆ ಕಟ್ಟಿಸಿಕೊಳ್ಳಲೇಬೇಕಾಗುತ್ತದೆಯೇ?

ಹಿಂಬರಹ, ಹಾಸನ

ಆಗುತ್ತದೆ. ಆದರೆ ಸರ್, ಇವು ಎರಡು ಬೇರೆ ಜಾತಿಯ ತಕರಾರು, ಒಂದೇ ಅರ್ಜಿಯ ನಕಲನ್ನು ಎರಡಕ್ಕೂ ಬಳಸಬೇಡಿ. ಮೊದಲನೆಯದರಲ್ಲಿ ಜಗಳ ಮೊತ್ತದ್ದು. ಎರಡನೆಯದರಲ್ಲಿ ಮೊತ್ತಕ್ಕೆ ಯಾರ ತಕರಾರೂ ಇಲ್ಲ, ಯಾರು ಕಟ್ಟಬೇಕು ಅನ್ನುವುದೇ ಜಗಳ.

ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್ ಕೊಡುವ ಪರಮಾದೇಶ, ಅಂದರೆ ಮ್ಯಾಂಡಮಸ್ ರಿಟ್, ಅಧಿಕಾರಿ ಮಾಡಬೇಕಾದ ಕೆಲಸವನ್ನು ಮಾಡಿಸುತ್ತದೆ. ಯಾವ ದರ ಸರಿ, ಮನೆ ಯಾರದು ಎಂಬ ವಾಸ್ತವಾಂಶದ ಜಗಳಕ್ಕೆ ಅಲ್ಲಿ ಸಾಕ್ಷಿ ವಿಚಾರಣೆ ನಡೆಯುವುದಿಲ್ಲ. ಹಾಗಾಗಿ ಅರ್ಜಿಯಲ್ಲಿ "ನನ್ನ ದರವೇ ಸರಿ ಎಂದು ಘೋಷಿಸಿ" ಅಂತ ಬರೆದವರು ಸೋಲುತ್ತಾರೆ. "ನಾನು ಕೊಟ್ಟ ಹಣ ಪಡೆದು ರಸೀದಿ ಕೊಡಲಿ, ನನ್ನ ತಕರಾರನ್ನು ಕಾಯ್ದೆ ಪ್ರಕಾರ ತೀರ್ಮಾನಿಸಲಿ" ಅಂತ ಕೇಳಿದವರಿಗೆ ದಾರಿ ಇದೆ.

ಇನ್ನೊಂದು ಮೂಲಭೂತ ಷರತ್ತು ಕೇಳಿಕೆ ಮತ್ತು ನಿರಾಕರಣೆ. ಅಧಿಕಾರಿಯನ್ನು ಮೊದಲು ಕೇಳಿರಬೇಕು, ಅವರು ಇಲ್ಲ ಅಂದಿರಬೇಕು. ಸರಸ್ವತಿ ಇಂಡಸ್ಟ್ರಿಯಲ್ ಸಿಂಡಿಕೇಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಹೇಳಿದ ಈ ಮಾತನ್ನು ಸರ್ಕಾರಿ ವಕೀಲರು ಇವತ್ತಿಗೂ ಮೊದಲ ಆಕ್ಷೇಪಣೆಯಾಗಿ ಎತ್ತುತ್ತಾರೆ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ "ಆಗಲ್ಲ ಹೋಗಿ" ಅಂದದ್ದು ನ್ಯಾಯಾಲಯದ ಮುಂದೆ ನಿರಾಕರಣೆ ಅನ್ನಿಸಿಕೊಳ್ಳುವುದಿಲ್ಲ. ಕಾಗದ ಬೇಕು.

ರೋಕಡ್_ವಹಿ, ಕಡೂರು

ಆ ಕಾಗದ ಹುಟ್ಟಿಸುವ ಕ್ರಮ ನಾನು ಬರೆಯುತ್ತೇನೆ. ಹೆಚ್ಚಿನ ಪ್ರಕರಣ ಕೆಡುವುದು ಇಲ್ಲೇ.

ಮೊದಲು ಲೆಕ್ಕ. ಹೋಂಸ್ಟೇ ಮನೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ, ಅಂಕಿ ಬರೀ ತಿಳಿಸಲಿಕ್ಕೆ. ವಾಸದ ದರದಲ್ಲಿ ತೆರಿಗೆ 4,000 ರೂ. ಅದರ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3, ಒಟ್ಟು ಶೇ. 24 ಅಂದರೆ 960 ರೂ. ಒಪ್ಪಿತ ಮೊತ್ತ 4,960 ರೂ. ಆಯಿತು. ವಾಣಿಜ್ಯ ದರದಲ್ಲಿ ಅವರು ಹಾಕಿದ್ದು 11,500, ಕರ 2,760, ಒಟ್ಟು 14,260 ರೂ. ತಕರಾರು 9,300 ರೂಪಾಯಿಯದ್ದು. ಡಿಮಾಂಡ್ ನೋಟಿಸಿನಲ್ಲಿ ಬೇರೆ ಕರದ ಸಾಲು ಇದ್ದರೆ ಅದನ್ನೂ ಎರಡೂ ಕಡೆ ಸೇರಿಸಬೇಕು. ಬರೀ 4,000ಕ್ಕೆ ಡಿಡಿ ತೆಗೆದು ಕರ ಮರೆತರೆ "ಒಪ್ಪಿದ ಮೊತ್ತವನ್ನೇ ಪೂರ್ತಿ ಕೊಟ್ಟಿಲ್ಲ" ಅಂತ ಅವರು ಬರೆದುಕೊಡುತ್ತಾರೆ, ಅದು ನ್ಯಾಯವಾದ ಹಿಂಬರಹವೂ (ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರ) ಆಗುತ್ತದೆ.

ಹಣವನ್ನು ಮುಂದಿಟ್ಟ ದಿನಾಂಕ ಯಾಕೆ ಮುಖ್ಯ ಅಂದರೆ, ತಡವಾದರೆ ತಿಂಗಳಿಗೆ ಶೇ. 2 ದಂಡ. ತೆರಿಗೆಯ ಮೇಲಷ್ಟೇ ಲೆಕ್ಕ ಹಾಕಿದರೂ ಪೂರ್ತಿ 11,500ಕ್ಕೆ ತಿಂಗಳಿಗೆ 230 ರೂ. 4,000 ಕಟ್ಟಿದ ಮೇಲೆ ಉಳಿದ 7,500ಕ್ಕೆ 150 ರೂ. ವ್ಯಾಜ್ಯ 18 ತಿಂಗಳು ಎಳೆದರೆ 4,140 ಮತ್ತು 2,700. ಏಪ್ರಿಲ್ ಒಳಗೆ ಕಟ್ಟಿದರೆ ಸಿಗುವ ಶೇ. 5 ರಿಯಾಯಿತಿಯೂ ಇದೇ ದಿನಾಂಕದ ಮೇಲೆ ನಿಂತಿದೆ.

ಇನ್ನು ಹಣ. ನಗದು ಹಿಡಿದು ಹೋಗಬೇಡಿ, ಗುರುತು ಉಳಿಯುವುದಿಲ್ಲ. ನಗರಸಭೆಯಾದರೆ ಪೌರಾಯುಕ್ತರ ಹೆಸರಿಗೆ, ಪಂಚಾಯಿತಿಯಾದರೆ ಪಂಚಾಯಿತಿ ಖಾತೆಯ ಹೆಸರಿಗೆ ಡಿಡಿ. ಡಿಡಿ ಆಯಸ್ಸು ಮೂರೇ ತಿಂಗಳು. ರಿಟ್ ಹಾಕುವಷ್ಟರಲ್ಲಿ ಅವಧಿ ಮುಗಿದಿದ್ದರೆ "ಕೊಡಲು ಸದಾ ಸಿದ್ಧ" ಎಂಬ ಪ್ರಮಾಣಪತ್ರದ ಮಾತು ಸಡಿಲವಾಗುತ್ತದೆ, ಹೊಸದಾಗಿ ಮಾಡಿಸಿಕೊಳ್ಳಿ.

ಜೊತೆಗಿನ ಪತ್ರ ಒಂದು ಪುಟ ಮೀರದಿರಲಿ. ಹೀಗೆ:

"ವಿಷಯ: ಆಸ್ತಿ ಸಂಖ್ಯೆ ಇಂಥದ್ದರ ಪ್ರಸಕ್ತ ಸಾಲಿನ ತೆರಿಗೆಯನ್ನು ತಕರಾರಿಗೆ ಒಳಪಟ್ಟು ಪಾವತಿಸುತ್ತಿರುವ ಬಗ್ಗೆ. ಒಪ್ಪಿತ ಮೊತ್ತ ರೂ. 4,960ಕ್ಕೆ ಡಿಡಿ ಲಗತ್ತಿಸಿದೆ. ಇದನ್ನು ಬೇಡಿಕೆಯ ಭಾಗಶಃ ಪಾವತಿಯಾಗಿ ಜಮಾ ಮಾಡಿಕೊಂಡು ರಸೀದಿ ನೀಡಲು ಕೋರಿದೆ. ಈ ಪಾವತಿಯಿಂದ ವಾಣಿಜ್ಯ ದರವನ್ನು ಒಪ್ಪಿದಂತಾಗುವುದಿಲ್ಲ. ಸ್ವೀಕರಿಸಲಾಗದಿದ್ದಲ್ಲಿ ಯಾವ ಕಾಯ್ದೆಯ ಯಾವ ಕಲಮಿನಂತೆ ಎಂದು ತಿಳಿಸಿ ಹಿಂಬರಹ ನೀಡಬೇಕಾಗಿ ವಿನಂತಿ."

"ಭಾಗಶಃ ಪಾವತಿಯಾಗಿ" ಎಂಬ ಪದ ಬಿಡಬೇಡಿ. "ಪೂರ್ಣ ತೀರುವಳಿಯಾಗಿ ಪಡೆಯಿರಿ" ಅಂದರೆ ನಿರಾಕರಿಸಲು ಅವರಿಗೆ ಹಕ್ಕಿದೆ.

ಇದನ್ನು ವಿಷಯ ನಿರ್ವಾಹಕರ (ಕಡತ ನೋಡುವ ಗುಮಾಸ್ತರ) ಮೇಜಿಗೆ ಕೊಡದೆ ಟಪಾಲು ಶಾಖೆಗೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಟಪಾಲು ಸಂಖ್ಯೆ ಮೂರನ್ನೂ ಹಾಕಿಸಿಕೊಳ್ಳಿ. ಬರೀ ಮೊಹರು ಇದ್ದು ಸಂಖ್ಯೆ ಇಲ್ಲದಿದ್ದರೆ ವಹಿಯಲ್ಲಿ ನಮೂದಾಗದೇ ಹೋಗಬಹುದು. ಅಲ್ಲೂ ತಗೊಳ್ಳದಿದ್ದರೆ ಅಂಚೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ, ಆದ್ದರಿಂದ ನೋಂದಣಿ ಸೌಲಭ್ಯವನ್ನು ಬೇರೆ ಕೇಳಿ ಪಡೆಯಿರಿ. "ನಿರಾಕರಿಸಿದ್ದಾರೆ" ಅಂತ ಷರಾ ಬರೆದು ಲಕೋಟೆ ವಾಪಸ್ ಬಂದರೆ ಒಡೆಯಬೇಡಿ, ಮುಚ್ಚಿದಂತೆಯೇ ಇಡಿ.

ಮೂಡಿಗೆರೆ_ಮಳೆ

ರೋಕಡ್ ವಹಿಯವರೇ, ಇಷ್ಟೆಲ್ಲ ಯಾಕೆ? 14,260 ರೂಪಾಯಿಯನ್ನು ಪೂರ್ತಿ ಕಟ್ಟಿ "ತಕರಾರಿಗೆ ಒಳಪಟ್ಟು" ಅಂತ ಬರೆದು, ಆಮೇಲೆ ಮೇಲ್ಮನವಿ ಹಾಕಿದರೆ ದಂಡದ ಪ್ರಶ್ನೆಯೇ ಬರುವುದಿಲ್ಲ. 9,300ಕ್ಕೆ ಹೈಕೋರ್ಟಿಗೆ ಹೋದರೆ ವಕೀಲರ ಶುಲ್ಕವೇ ಅದನ್ನು ಮೀರುತ್ತದೆ. 1958ರ ಕನ್ಹಯ್ಯಾಲಾಲ್ ಮುಕುಂದಲಾಲ್ ಸರಾಫ್ ತೀರ್ಪಿನಿಂದ ಹಿಡಿದು, ಕಾನೂನು ತಪ್ಪಾಗಿ ತಿಳಿದು ಕಟ್ಟಿದ ತೆರಿಗೆಯೂ ತಪ್ಪಾಗಿ ಕೊಟ್ಟ ಹಣ ವಾಪಸ್ ಕೊಡಬೇಕು ಅನ್ನುವ ಕರಾರು ಕಾಯ್ದೆಯ 72ನೇ ಕಲಮಿನೊಳಗೆ ಬರುತ್ತದೆ ಅಂತ ಇದೆಯಲ್ಲ.

ಹಿಂಬರಹ, ಹಾಸನ

ಒಂದೇ ವರ್ಷದ ಬಾಕಿ, ಸಣ್ಣ ವ್ಯತ್ಯಾಸ ಅಂದರೆ ನಿಮ್ಮ ಮಾತೇ ಸರಿ ಮೂಡಿಗೆರೆಯವರೇ, ನಾನೂ ಅದನ್ನೇ ಹೇಳುತ್ತೇನೆ. ಎರಡು ಎಚ್ಚರಿಕೆ ಮಾತ್ರ.

ಒಂದು, ಮರುಪಾವತಿ ಸುಲಭ ಅಂತ ತಿಳಿಯಬೇಡಿ. ಸರಾಫ್ ತೀರ್ಪಿನ ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಮಫತ್‌ಲಾಲ್ ತೀರ್ಪು ಬಂದಿದೆ. ಕಾಯ್ದೆಯಲ್ಲೇ ಮರುಪಾವತಿಗೆ ದಾರಿ ಇದ್ದರೆ ಆ ದಾರಿಯಲ್ಲೇ ಹೋಗಬೇಕು, ಬೇರೆಯವರ ಪ್ರಕರಣದಲ್ಲಿ ಬಂದ ತೀರ್ಪು ಹಿಡಿದು ಹಳೆಯದನ್ನೆಲ್ಲ ವಾಪಸ್ ಕೇಳುವಂತಿಲ್ಲ ಅನ್ನುತ್ತದೆ ಅದು. ಅದು ಅಬಕಾರಿ ಸುಂಕದ ಪ್ರಕರಣವಾದರೂ ಅದರ ನೆರಳು ಎಲ್ಲ ತೆರಿಗೆಗಳ ಮೇಲೂ ಇದೆ. ನಗದು ವಾಪಸ್ ಕೇಳುವುದಕ್ಕಿಂತ ಮುಂದಿನ ಸಾಲಿಗೆ ಹೊಂದಾಣಿಕೆ ಕೇಳುವುದು ಬೇಗ ಆಗುವ ಕೆಲಸ.

ಎರಡು, ಆನ್‌ಲೈನಿನಲ್ಲಿ ಪೂರ್ತಿ ಕಟ್ಟಿದರೆ ತಕರಾರು ಬರೆಯಲು ಅಲ್ಲಿ ಜಾಗವೇ ಇರುವುದಿಲ್ಲ. ಕಟ್ಟಿದ ದಿನವೇ ರಸೀದಿ ಸಂಖ್ಯೆ ನಮೂದಿಸಿದ ತಕರಾರು ಪತ್ರವನ್ನು ಟಪಾಲಿಗೆ ಹಾಕಿ. ಮೂರು ತಿಂಗಳು ಬಿಟ್ಟು ಹಾಕಿದ ಪತ್ರವನ್ನು "ಆಮೇಲೆ ಹುಟ್ಟಿದ ಯೋಚನೆ" ಅಂತ ತಳ್ಳಿಹಾಕುತ್ತಾರೆ.

ಮೊತ್ತ ದೊಡ್ಡದಾಗಿ, ಐದಾರು ವರ್ಷ ಹಿಂದಿನಿಂದ ಜಾರಿಯಾಗುವಂತೆ ದರ ಬದಲಾಯಿಸಿದ್ದರೆ ಕತೆ ಬೇರೆ. ನಗರಸಭೆಗಳಲ್ಲಿ ಇರುವುದು ಸ್ವಯಂ ಘೋಷಣೆ ಪದ್ಧತಿ. ಮಾಲೀಕರು ಕೊಟ್ಟ ಲೆಕ್ಕ ತಪ್ಪು ಅನ್ನಿಸಿದರೆ ನೋಟಿಸ್ ಕೊಟ್ಟು, ಅಹವಾಲು ಕೇಳಿ, ಆಮೇಲೆ ಆದೇಶ ಮಾಡಬೇಕು. ಆ ನೋಟಿಸೇ ಇಲ್ಲದೆ ಗಣಕದಲ್ಲಿ ದರ ಬದಲಾಗಿದ್ದರೆ ಅದು ಸಹಜ ನ್ಯಾಯದ ಉಲ್ಲಂಘನೆ. "ಮೇಲ್ಮನವಿ ಇರುವಾಗ ರಿಟ್ ಯಾಕೆ" ಎಂಬ ಆಕ್ಷೇಪಣೆಗೆ 1998ರ ವರ್ಲ್‌ಪೂಲ್ ತೀರ್ಪು ಒಪ್ಪಿದ ವಿನಾಯಿತಿಗಳಲ್ಲಿ ಅದೂ ಒಂದು. ನೋಟಿಸ್ ಬಂದು, ಉತ್ತರ ಕೊಟ್ಟು, ಆದೇಶವೂ ಆಗಿದ್ದರೆ ಮಾತ್ರ ನೆಟ್ಟಗೆ ಮೇಲ್ಮನವಿಗೆ ಹೋಗಿ. ಟೀಟಾಗಢ ಪೇಪರ್ ಮಿಲ್ಸ್ ಪ್ರಕರಣದಲ್ಲಿ 1983ರಲ್ಲೇ ಸುಪ್ರೀಂ ಕೋರ್ಟ್ ತೆರಿಗೆ ವ್ಯಾಜ್ಯ ಆಯಾ ಕಾಯ್ದೆಯ ಮೇಲ್ಮನವಿ ದಾರಿಯಲ್ಲೇ ಹೋಗಬೇಕು ಅಂದಿದೆ.

ಗ್ರಾಮಠಾಣಾ, ಆಲೂರು

ಪಂಚಾಯಿತಿ ಪ್ರಕರಣಕ್ಕೆ ಬರುತ್ತೇನೆ. ಪಿಡಿಒ ಯಾಕೆ ಹಿಂಜರಿಯುತ್ತಾರೆ ಅಂತ ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ. ಅವರ ಭಯ ಒಂದೇ: ತಮ್ಮನ ಹೆಸರಲ್ಲಿ ರಸೀದಿ ಕೊಟ್ಟರೆ ನಾಳೆ ಅದನ್ನು ಸ್ವಾಧೀನದ ಸಾಕ್ಷಿ ಅಂತ ದಾವೆಯಲ್ಲಿ ಹಾಜರುಪಡಿಸುತ್ತಾರೆ, ಅಣ್ಣ ಬಂದು ನನ್ನ ಮೇಲೆ ತಾಲ್ಲೂಕು ಪಂಚಾಯಿತಿಗೆ ದೂರು ಕೊಡುತ್ತಾನೆ ಅನ್ನುವುದು.

ಆದ್ದರಿಂದ ರಸೀದಿಯನ್ನು ನಿಮ್ಮ ಹೆಸರಿಗೆ ಕೇಳಲೇಬೇಡಿ. ತೆರಿಗೆ ನಿಂತಿರುವುದು ಆಸ್ತಿಯ ಮೇಲೆ. ತೀರಿಹೋದ ಖಾತೆದಾರರ ಹೆಸರಲ್ಲೇ ರಸೀದಿ ಆಗಲಿ, "ಪಾವತಿಸಿದವರು: ವಾರಸುದಾರರಲ್ಲಿ ಒಬ್ಬರು, ಎಲ್ಲ ವಾರಸುದಾರರ ಪರವಾಗಿ" ಅಂತ ಪತ್ರದಲ್ಲಿ ಬರೆಯಿರಿ. ಹೀಗೆ ಕೇಳಿದಾಗ ಬಹಳ ಸಲ ಪಂಚಾಯಿತಿ ಮಟ್ಟದಲ್ಲೇ ಮುಗಿದುಹೋಗುತ್ತದೆ. ಪಂಚಾಯಿತಿಗಳ ತಂತ್ರಾಂಶವಾದ ಪಂಚತಂತ್ರ 2.0ರಲ್ಲಿ ಆ ಆಸ್ತಿಗೆ ಬೇಡಿಕೆ ತೆರೆದಿದ್ದರೆ ಕ್ಯೂಆರ್ ಮೂಲಕವೇ ಕಟ್ಟಬಹುದು, ಯಾರ ಫೋನಿನಿಂದ ಹಣ ಬಂತು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಬೇಡಿಕೆಯನ್ನೇ ತಡೆಹಿಡಿದಿದ್ದರೆ ಮಾತ್ರ ಲಿಖಿತ ಜಗಳ.

ಖಾತೆ ಬದಲಾವಣೆ ಅರ್ಜಿಯನ್ನೂ ತೆರಿಗೆ ಪಾವತಿ ಪತ್ರವನ್ನೂ ಒಂದೇ ಹಾಳೆಯಲ್ಲಿ ಬರೆಯುವುದು ದೊಡ್ಡ ತಪ್ಪು. ಖಾತೆಗೆ ನಿಜವಾದ ತಕರಾರು ಇರುತ್ತದೆ, ಅದರ ಜೊತೆ ತೆರಿಗೆಯೂ ನಿಂತುಹೋಗುತ್ತದೆ. ದಾವೆ ಮುಗಿಯದೆ ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಹೆಸರು ಬದಲಾಗಿ ನಮೂನೆ 9, ಅಂದರೆ ಖಾತೆಯ ಪ್ರತಿ, ಬರುತ್ತದೆ ಅಂತಲೂ ಕಾಯಬೇಡಿ.

ಕಟ್ಟಿದ ಮೇಲೆ ಉಳಿದ ವಾರಸುದಾರರ ಪಾಲಿನ ಹಣ ವಸೂಲಿಗೆ ಕರಾರು ಕಾಯ್ದೆಯ 69ನೇ ಕಲಮು ಇದೆ. ರಸೀದಿಗಳನ್ನು ವಿಭಾಗದ ದಾವೆಯಲ್ಲಿ ಹಾಜರುಪಡಿಸಿ, ಅಂತಿಮ ಲೆಕ್ಕದಲ್ಲಿ ಹಿಡಿಯಲು ಕೇಳಿ.

ಕಾಫಿ_ಕಣ, ಚಿಕ್ಕಮಗಳೂರು

ತುಂಬ ಉಪಯೋಗ ಆಯಿತು. ಆ ದಾವೆಯಲ್ಲಿ ಯಥಾಸ್ಥಿತಿ ಆದೇಶ ಇದೆ. ಅದನ್ನು ತೋರಿಸಿಯೇ ಪಿಡಿಒ ತೆರಿಗೆ ಬೇಡ ಅನ್ನುತ್ತಿರುವುದು. ಇದಕ್ಕೇನು?

ಹಿಂಬರಹ, ಹಾಸನ

ಆದೇಶದ ಪ್ರತಿಯನ್ನು ಅಕ್ಷರ ಅಕ್ಷರ ಓದಿ. ಸಾಮಾನ್ಯವಾಗಿ ಅದರಲ್ಲಿ ಇರುವುದು ಉಭಯ ಪಕ್ಷಗಾರರು ದಾವಾ ಸ್ವತ್ತನ್ನು ಪರಭಾರೆ ಮಾಡಬಾರದು, ಸ್ವರೂಪ ಬದಲಾಯಿಸಬಾರದು ಅಂತ. ಪಂಚಾಯಿತಿ ಆ ದಾವೆಯಲ್ಲಿ ಪಕ್ಷಗಾರ ಅಲ್ಲ, ತೆರಿಗೆ ಕಟ್ಟುವುದು ಪರಭಾರೆಯೂ ಅಲ್ಲ. ಕಂದಾಯ ದಾಖಲೆಯಲ್ಲಿ ಹೆಸರು ಬದಲಾದರೂ ಹಕ್ಕು ಹುಟ್ಟುವುದಿಲ್ಲ, ಅಳಿಯುವುದೂ ಇಲ್ಲ ಅಂತ 1996ರ ಸಾವರ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಸರು ಬದಲಾದರೇ ಹೀಗಿರುವಾಗ ತೆರಿಗೆ ರಸೀದಿಯಿಂದ ಹಕ್ಕು ಎಲ್ಲಿ ಬಂತು?

ಈ ಸ್ಥಿತಿಯಲ್ಲಿ ನೇರ ಹೈಕೋರ್ಟಿಗೆ ಓಡುವ ಅಗತ್ಯ ಇಲ್ಲ. ದಾವೆ ನಡೆಯುತ್ತಿರುವ ನ್ಯಾಯಾಲಯದಲ್ಲೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 151ನೇ ಕಲಮಿನಡಿ ಮಧ್ಯಂತರ ಅರ್ಜಿ ಹಾಕಿ: ಯಥಾಸ್ಥಿತಿ ಆದೇಶ ತೆರಿಗೆ ಪಾವತಿಗೆ ಅಡ್ಡಿಯಿಲ್ಲ ಎಂದು ಸ್ಪಷ್ಟಪಡಿಸಬೇಕು, ಪಾವತಿ ಯಾರ ಹಕ್ಕಿಗೂ ಬಾಧಕವಿಲ್ಲ ಎಂದು ದಾಖಲಿಸಬೇಕು ಅಂತ. ಎದುರು ಪಕ್ಷಕ್ಕೂ ಬಾಕಿ ಬೆಳೆಯುವುದು ಬೇಡವಾಗಿರುತ್ತದೆ, ಒಂದು ಜಂಟಿ ಮೆಮೊ ಸಾಕಾಗಬಹುದು. ಆ ಆದೇಶ ಹಿಡಿದು ಹೋದಾಗಲೂ ನಿರಾಕರಿಸಿದರೆ ನಿಮ್ಮ ರಿಟ್ ಬಹಳ ಗಟ್ಟಿಯಾಗುತ್ತದೆ. ಪಂಚಾಯಿತಿ ಲಿಖಿತ ಆದೇಶವನ್ನೇ ಕೊಟ್ಟಿದ್ದರೆ ಪಂಚಾಯತ್ ರಾಜ್ ಕಾಯ್ದೆಯ 269ನೇ ಕಲಮಿನ ಮೇಲ್ಮನವಿ ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಮುಂದೆ ಇದೆ. ಅದನ್ನು ಬಿಟ್ಟು ಹೋದರೆ ಹೈಕೋರ್ಟ್ ಅಲ್ಲಿಗೇ ವಾಪಸ್ ಕಳಿಸುವ ಸಾಧ್ಯತೆ ಹೆಚ್ಚು.

ಅನುಬಂಧ_ಎ, ಅರಸೀಕೆರೆ

ರಿಟ್ ಹಾಕುವುದೇ ಅಂತಾದರೆ ಅರ್ಜಿಯ ಕೋರಿಕೆ ಭಾಗದ ಬಗ್ಗೆ ಬರೆಯುತ್ತೇನೆ. ಹಾಸನ, ಚಿಕ್ಕಮಗಳೂರು ಎರಡೂ ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರಿದವು.

ಬಹಳ ಜನ "ನನ್ನ ಮನವಿಯನ್ನು ಪರಿಗಣಿಸಲು ನಿರ್ದೇಶಿಸಿ" ಅಂತಷ್ಟೇ ಕೇಳಿ, ಮೊದಲ ದಿನವೇ ಆದೇಶ ಸಿಕ್ಕಿತು ಅಂತ ಸಂತೋಷಪಡುತ್ತಾರೆ. ಪರಿಗಣಿಸಿ ಅಂದರೆ ಪರಿಗಣಿಸಿ ತಿರಸ್ಕರಿಸಲೂಬಹುದು. ಇಂಥ "ಪರಿಗಣಿಸಿ" ಆದೇಶಗಳ ತೊಡಕನ್ನು ಆಂಧ್ರ ರಸ್ತೆ ಸಾರಿಗೆ ನಿಗಮ ಮತ್ತು ಜಿ. ಶ್ರೀನಿವಾಸ ರೆಡ್ಡಿ ನಡುವಿನ 2006ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರವಾಗಿ ಬಿಡಿಸಿಟ್ಟಿದೆ. ಹಾಗಾಗಿ ಕೋರಿಕೆ ನಾಲ್ಕು ಕವಲಾಗಿರಲಿ: ಇಂಥ ದಿನಾಂಕದ ಪತ್ರದಂತೆ ಇಷ್ಟು ಮೊತ್ತವನ್ನು ಹಕ್ಕುಬಾಧ್ಯತೆಗೆ ಧಕ್ಕೆಯಾಗದಂತೆ ಸ್ವೀಕರಿಸಿ ರಸೀದಿ ಕೊಡಬೇಕು, ಹಣ ಮುಂದಿಟ್ಟ ದಿನದಿಂದ ಆ ಮೊತ್ತದ ಮೇಲೆ ದಂಡ ಹಾಕಬಾರದು, ತಕರಾರನ್ನು ಅಹವಾಲು ಕೇಳಿ ಇಂತಿಷ್ಟು ವಾರದಲ್ಲಿ ತೀರ್ಮಾನಿಸಬೇಕು, ಅಲ್ಲಿಯವರೆಗೆ ಉಳಿದ ಮೊತ್ತಕ್ಕೆ ಬಲವಂತದ ಕ್ರಮ ಬೇಡ. ಕೊನೆಯದನ್ನು ಮಧ್ಯಂತರ ಕೋರಿಕೆಯಾಗಿಯೂ ಬೇರೆ ಹಾಕಿ. ನ್ಯಾಯಾಲಯ ಸಾಮಾನ್ಯವಾಗಿ ಬೇಡಿಕೆಯ ಒಂದು ಪಾಲನ್ನು ಕಟ್ಟಿ ಎಂಬ ಷರತ್ತಿನ ಮೇಲೆ ತಡೆ ಕೊಡುತ್ತದೆ. ಆ ಷರತ್ತೇ ಅಧಿಕಾರಿ ಹಣ ಪಡೆಯುವಂತೆ ಮಾಡುತ್ತದೆ, ಕೌಂಟರಿನ "ಪೂರ್ತಿ ಕಟ್ಟಿ" ಅಲ್ಲಿಗೆ ನಿಲ್ಲುತ್ತದೆ.

ಪ್ರತಿವಾದಿಗಳಾಗಿ ಸರ್ಕಾರದ ಇಲಾಖೆ, ಮೇಲಧಿಕಾರಿ, ಮತ್ತು ಹಣ ಪಡೆಯಬೇಕಾದ ಅಧಿಕಾರಿಯನ್ನು ಹುದ್ದೆಯ ಹೆಸರಿನಲ್ಲಿ ಸೇರಿಸಿ. ವ್ಯಕ್ತಿಯ ಹೆಸರಿನಲ್ಲಿ ಬೇಡ, ವರ್ಗವಾದರೆ ತೊಡಕು. ಪಂಚಾಯಿತಿ ಪ್ರಕರಣದಲ್ಲಿ ತಕರಾರು ಕೊಟ್ಟಿರುವ ಅಣ್ಣನನ್ನೂ ಸೇರಿಸಲೇಬೇಕು. ಅವನನ್ನು ಬಿಟ್ಟು ತಂದ ಆದೇಶವನ್ನು ಅವನು ಬಂದು ಹಿಂಪಡೆಸಬಹುದು.

ಅನುಬಂಧಗಳಲ್ಲಿ ಕನ್ನಡ ಕಾಗದಗಳಿಗೆ ಇಂಗ್ಲಿಷ್ ಅನುವಾದ, ಮಸುಕಾದವಕ್ಕೆ ಟೈಪ್ ಮಾಡಿದ ಪ್ರತಿ ಮೊದಲೇ ಇಡಿ, ಇಲ್ಲದಿದ್ದರೆ ಕಚೇರಿ ಆಕ್ಷೇಪಣೆಯಲ್ಲೇ ವಾರಗಳು ಹೋಗುತ್ತವೆ. ಪ್ರಮಾಣಪತ್ರಕ್ಕೆ ನಿಮ್ಮ ಊರಿನ ನೋಟರಿ ಮುಂದೆ ಸಹಿ ಮಾಡಿದರೆ ಸಾಕು. ಹೋಂಸ್ಟೇ ಪ್ರಕರಣಕ್ಕೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರ, ಮಾಲೀಕರು ಅಲ್ಲೇ ವಾಸ ಇರುವುದಕ್ಕೆ ದಾಖಲೆ, ಕೋಣೆವಾರು ಚದರಡಿ ತೋರಿಸುವ ನಕ್ಷೆ ಸೇರಿಸಿ.

ರೋಕಡ್_ವಹಿ, ಕಡೂರು

ಇದಕ್ಕೆ ಒಂದು ಸೇರಿಸುತ್ತೇನೆ. ಹಿಂಬರಹ ಕೊಡದೆ ಸುಮ್ಮನೆ ಕೂತರೆ ಮಾಹಿತಿ ಹಕ್ಕು ಅರ್ಜಿ ಹಾಕಿ, ಶುಲ್ಕ 10 ರೂ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕೇಳಬೇಕಾದ್ದು ಎರಡೇ: ಇಂಥ ದಿನದ ಟಪಾಲು ವಹಿಯ ಪುಟದ ನಕಲು, ಮತ್ತು ಈ ಆಸ್ತಿಯ ತೆರಿಗೆ ಸ್ವೀಕರಿಸಬಾರದೆಂಬ ಲಿಖಿತ ಆದೇಶ ಇದ್ದರೆ ಅದರ ನಕಲು. "ಯಾಕೆ ಸ್ವೀಕರಿಸಲಿಲ್ಲ" ಅಂತ ಕಾರಣ ಕೇಳಬೇಡಿ, ಅದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ ಅನ್ನುತ್ತಾರೆ. "ಅಂಥ ಆದೇಶ ಕಚೇರಿಯಲ್ಲಿ ಲಭ್ಯವಿಲ್ಲ" ಎಂಬ ಉತ್ತರ 30 ದಿನದೊಳಗೆ ಬಂದರೆ ಅದಕ್ಕಿಂತ ಒಳ್ಳೆಯ ಅನುಬಂಧ ಬೇರೆ ಇಲ್ಲ.

ಮೂಡಿಗೆರೆ_ಮಳೆ

ಆದೇಶ ಬಂದ ಮೇಲೂ ಕಟ್ಟಿಸಿಕೊಳ್ಳದಿದ್ದರೆ? "ಸಾಫ್ಟ್‌ವೇರ್ ತಗೊಳ್ಳಲ್ಲ" ಅಂದರೆ ಏನು ಮಾಡುವುದು?

ಅನುಬಂಧ_ಎ, ಅರಸೀಕೆರೆ

ಆದೇಶದಲ್ಲಿ ಗಡುವು "ಪ್ರಮಾಣೀಕೃತ ಪ್ರತಿ ತಲುಪಿದ ದಿನದಿಂದ" ಅಂತ ಇರುತ್ತದೆ. ಆದ್ದರಿಂದ ವೆಬ್‌ಸೈಟಿನಿಂದ ಇಳಿಸಿದ ಪ್ರತಿ ತೋರಿಸಿ ಬಂದರೆ ಗಡುವು ಶುರುವೇ ಆಗುವುದಿಲ್ಲ. ಪ್ರಮಾಣೀಕೃತ ಪ್ರತಿಯನ್ನು ಹೊಸ ಡಿಡಿ ಮತ್ತು ಮುಖಪತ್ರದ ಜೊತೆ ಟಪಾಲಿಗೂ ಅಂಚೆಗೂ ಹಾಕಿ. ಸಾಫ್ಟ್‌ವೇರ್ ತೊಂದರೆ ಇದ್ದರೆ ಡಿಡಿಯನ್ನು ಕಚೇರಿಯ ಖಾತೆಗೆ ಜಮಾ ಮಾಡಿ, ಹೊಂದಾಣಿಕೆ ಬಾಕಿ ಅಂತ ಬರೆದ ಸ್ವೀಕೃತಿ ಕೊಡಲು ಲಿಖಿತವಾಗಿ ಕೇಳಿ. ಗಣಕದ ಮಿತಿ ಕಾಯ್ದೆಯ ಕರ್ತವ್ಯವನ್ನು ಅಳಿಸುವುದಿಲ್ಲ.

ಗಡುವು ಮೀರಿದರೆ ಒಂದು ಕಾನೂನು ನೋಟಿಸ್, ಆಮೇಲೆ ನ್ಯಾಯಾಂಗ ನಿಂದನೆ ಅರ್ಜಿ. 1971ರ ಕಾಯ್ದೆಯ 20ನೇ ಕಲಮಿನಂತೆ ಉಲ್ಲಂಘನೆಯಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು, ಅದನ್ನು ಮೀರಿಸಿದವರು ಬಹಳ ಜನ. ನಿಂದನೆಯಲ್ಲಿ ನೋಡುವುದು ಆದೇಶದ ಪದಗಳನ್ನು ಮಾತ್ರ. "ಪರಿಗಣಿಸಿ" ಅಂತ ಇದ್ದು ಅವರು ತಿರಸ್ಕರಿಸಿದ್ದರೆ ಅಲ್ಲಿ ಏನೂ ಸಿಗುವುದಿಲ್ಲ.

ಗ್ರಾಮಠಾಣಾ, ಆಲೂರು

ಹಾಸನ ನಗರದವರಿಗೊಂದು ಸೂಚನೆ. ಹಾಸನ ಈಗ ಮಹಾನಗರ ಪಾಲಿಕೆ, ಆದ್ದರಿಂದ 1976ರ ಪಾಲಿಕೆ ಕಾಯ್ದೆ ನೋಡಬೇಕು. ಹಳೆಯ ಮಾದರಿ ಅರ್ಜಿಗಳಲ್ಲಿ 1964ರ ಪುರಸಭೆ ಕಾಯ್ದೆಯ ಕಲಮುಗಳಿವೆ, ಹಾಗೇ ನಕಲು ಮಾಡಬೇಡಿ. ಸೇರ್ಪಡೆಯಾದ ಹಳ್ಳಿಗಳ ಹಿಂದಿನ ಬಾಕಿಗೆ ಪಂಚಾಯಿತಿಯ ಡಿಸಿಬಿ ವಹಿಯ (ಬೇಡಿಕೆ, ವಸೂಲಿ, ಬಾಕಿ ಬರೆದಿಡುವ ಪುಸ್ತಕ) ನಕಲು ತೆಗೆದಿಟ್ಟುಕೊಳ್ಳಿ.

ವಕೀಲರ ಖರ್ಚು ಭರಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಹೈಕೋರ್ಟ್ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 1987ರ ಕಾಯ್ದೆಯ 12ನೇ ಕಲಮಿನಡಿ ಆದಾಯದ ಮಿತಿ ಇಲ್ಲ.

ಕಾಫಿ_ಕಣ, ಚಿಕ್ಕಮಗಳೂರು

ಎಲ್ಲರಿಗೂ ಧನ್ಯವಾದ. ಬೇಲೂರಿನವರಿಗೆ 151ರ ಅರ್ಜಿ, ಹೋಂಸ್ಟೇ ಮನೆಗೆ 4,960ರ ಡಿಡಿ ಮತ್ತು ಭಾಗಶಃ ಪಾವತಿ ಪತ್ರ ಅಂತ ತಿಳಿಸುತ್ತೇನೆ. ಕೊನೆಯದಾಗಿ ಒಂದು ಕೇಳುವುದಿತ್ತು. ಡಿಡಿ ವಾಪಸ್ ಬಂದರೆ ಆ ಹಣವನ್ನು ಬ್ಯಾಂಕಿನಲ್ಲೇ ಬೇರೆ ಇಡಬೇಕೇ?

ರೋಕಡ್_ವಹಿ, ಕಡೂರು

ಕಡ್ಡಾಯ ಅಂತ ಇಲ್ಲ, ಇಟ್ಟರೆ ಒಳ್ಳೆಯದು. ವಾಪಸ್ ಬಂದ ಡಿಡಿಯ ಎರಡೂ ಬದಿ ಫೋಟೊ ತೆಗೆದು, ರದ್ದು ಮಾಡಿಸಿದ ಬ್ಯಾಂಕ್ ಚೀಟಿ ಇಟ್ಟುಕೊಳ್ಳಿ. ಅದೇ ಮೊತ್ತವನ್ನು ಮಾಲೀಕರ ಉಳಿತಾಯ ಖಾತೆಯಲ್ಲಿ ಮುಟ್ಟದೆ ಬಿಟ್ಟರೆ ಪಾಸ್‌ಬುಕ್ ಪುಟವೇ "ಕೊಡಲು ಸಿದ್ಧ" ಎಂಬುದಕ್ಕೆ ದಾಖಲೆ. ಮುಂದಿನ ಏಪ್ರಿಲ್ ಬಂದಾಗ ಹೊಸ ಸಾಲಿನ ತೆರಿಗೆಗೂ ಬೇರೆ ಪತ್ರ, ಬೇರೆ ಡಿಡಿ ಕೊಡಬೇಕು. ಹಳೆಯ ಸಾಲಿನ ರಿಟ್ ಇದೆ ಅಂತ ಹೊಸ ಸಾಲು ಬಿಟ್ಟರೆ ಅದಕ್ಕೆ ದಂಡ ಬಿದ್ದೇ ಬೀಳುತ್ತದೆ.